ಡ್ರೋನ್ ಒಂದ್ ಗಂಟೆ ಹಾರೋ ಹಂಗೆ ಮಾಡ್ಕೊಡಲ್ಲ

"ಅಣ್ಣಾ, ಇದಕ್ಕೆ ಇನ್ನೊಂದ್ ಬ್ಯಾಟರಿ ಕಟ್ಟಿ ಒಂದ್ ಗಂಟೆ ಹಾರೋ ಹಂಗೆ ಮಾಡ್ಕೊಡ್ತೀಯಾ?" ಚಿತ್ರದುರ್ಗದಾಗೆ ನನ್ನ ಕೈಲಿ ಡ್ರೋನ್ ನೋಡ್ದೋರೆಲ್ಲ ಕೇಳೋದು ಇದೇ. ಮಾಡ್ಕೊಡಲ್ಲ. ಯಾಕೆ ಅಂತ ಇಲ್ಲಿ ಬರ್ದಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಉದಾಹರಣೆಗೆ ಡಿಜೆಐ ಕಂಪನಿಯ ಮಿನಿ 2 ಡ್ರೋನ್ ತಗೊಳ್ಳಿ. ತೂಕ 249 ಗ್ರಾಂ, ಕಂಪನಿ ಹೇಳೋದು 31 ನಿಮಿಷ, ಅದೂ ಗಾಳಿ ಇಲ್ದಿದ್ರೆ. ಬೆನ್ನಿಗೆ ಎರಡು 18650 ಸೆಲ್ (ಬೆರಳುದ್ದದ ಲಿಥಿಯಂ ಬ್ಯಾಟರಿ) ಕಟ್ಟಿದ್ರೆ 95 ಗ್ರಾಂ ಹತ್ರ ಏರುತ್ತೆ. ಚಾರ್ಜ್ ಎರಡು ಪಟ್ಟು ದಾಟುತ್ತೆ, ನಿಜ, ಆದ್ರೆ ತೂಕ 40 ಪರ್ಸೆಂಟ್ ಹತ್ರ ಏರಿದ್ರೆ ತೇಲೋಕೆ ಬೇಕಾದ ಪವರ್ 60 ಪರ್ಸೆಂಟ್‌ಗಿಂತ ಜಾಸ್ತಿ ಏರುತ್ತೆ, ಹಂಗಾಗಿ ಲೆಕ್ಕದಲ್ಲೇ 42 ನಿಮಿಷ ಆಗುತ್ತೆ, ಗಂಟೆ ಎಲ್ಲಿ ಬಂತು? ಆ ಹೊರೆಯೆಲ್ಲ ಹೊರೋದು ಸಣ್ಣ ಮೋಟರ್‌ಗಳು, ಅವು ಬಿಸಿಯಾಗ್ತವೆ. ಜೊತೆಗೆ 250 ಗ್ರಾಂ ದಾಟಿದ್ರೆ 2021ರ ಡ್ರೋನ್ ನಿಯಮದ ಪ್ರಕಾರ ಅದು ಎಲ್ಲಕ್ಕಿಂತ ಹಗುರದ ನ್ಯಾನೋ ವರ್ಗ ಅಲ್ಲ, ಅದರ ಮೇಲಿನ ಮೈಕ್ರೋ.

ಇಷ್ಟು ಹೇಳಿದ್ರೂ "ಯೂಟ್ಯೂಬ್‌ನಾಗೆ ಮಾಡವ್ರಲ್ಲಣ್ಣ" ಅಂತಾರೆ. ದಾವಣಗೆರೆಲಿ ಒಂದ್ ಮದುವೇಲಿ ವಿಡಿಯೋ ಹುಡುಗನೂ ಹಂಗೇ ಅಂದ. ಫುಲ್ ಚಾರ್ಜ್ ಆದ ಸೆಲ್‌ಗಳನ್ನ ಅರ್ಧ ಖಾಲಿಯಾದ ಬ್ಯಾಟರಿಗೆ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೊಟ್ಟಿದ್ದ. ವೋಲ್ಟೇಜ್ ಒಂದೇ ಇಲ್ದಿದ್ರೆ ಜಾಸ್ತಿ ಇರೋದ್ರಿಂದ ಕಮ್ಮಿ ಇರೋದಕ್ಕೆ ಕರೆಂಟು ನುಗ್ಗುತ್ತೆ, ನುಗ್ತು, ವೈರಿನ ಪ್ಲಾಸ್ಟಿಕ್ ಕರಗಿ ವಾಸನೆ ಬಂತು. ನಾನೇ ಕಿತ್ತು ಮಣ್ಣಿಗೆ ಎಸೆದೆ. ಅವನಿಗೆ ನನ್ಮೇಲೆ ಸಿಟ್ಟು. ಅದನ್ನ ಹಾರಿಸಬೇಕು ಅಂತಿದ್ದಿದ್ದು ದಿಬ್ಬಣದ ತಲೆ ಮೇಲೆ ಕಣ್ರೀ, ಕೆಳಗೆ ಮಕ್ಕಳು ಕುಣೀತಿದ್ವು! ಈಗಲೂ ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ಎಷ್ಟು ಹೊತ್ತು ಹಾರುತ್ತೆ ಅಂತ ಕೇಳ್ತೀರಲ್ಲ, ಎಷ್ಟು ಚಾರ್ಜ್ ಇದ್ದಾಗ ವಾಪಸ್ ತಿರುಗಿಸಬೇಕು ಅಂತ ಒಬ್ರೂ ಯಾಕೆ ಕೇಳಲ್ಲ? ನಮ್ಮೂರಲ್ಲಿ ಕೇಳಬೇಕಾದ್ದೇ ಅದು. ಜೋಗಿಮಟ್ಟಿ ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ. ಮಿನಿ 2 ತಡೆಯೋದು ಸೆಕೆಂಡಿಗೆ 10.5 ಮೀಟರ್ ಗಾಳಿವರೆಗೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿನೇ ತಳ್ಳಲಿ. ಗಾಳಿ ಬೆನ್ನಿಗಿದೆ ಅಂತ ದೂರ ಕಳಿಸಿಬಿಟ್ರೆ ಅರ್ಧ ಚಾರ್ಜ್‌ನಲ್ಲೂ ವಾಪಸ್ ಬರೋದು ಕಷ್ಟ. ಎದುರುಗಾಳಿಗೆ ಸಿಕ್ಕಾಕ್ಕೊಂಡ್ರೆ ಕೆಳಗಿಳಿಸಿ ತನ್ನಿ, ನೆಲದ ಹತ್ರ ಗಾಳಿ ಕಮ್ಮಿ. ಒಂದೇ ಕಡೆ ನಿಲ್ಲಿಸೋದಕ್ಕಿಂತ ನಿಧಾನಕ್ಕೆ ಮುಂದೆ ಓಡಿಸಿದ್ರೆ ಚಾರ್ಜ್ ಸ್ವಲ್ಪ ಉಳಿಯುತ್ತೆ. ಬ್ಯಾಟರಿನ ಏಪ್ರಿಲ್ ಬಿಸಿಲಲ್ಲಿ ಕಾರ್ ಒಳಗೆ ಬಿಡಬೇಡಿ.

ಜಾಸ್ತಿ ಹೊತ್ತು ಬೇಕೇ ಬೇಕಾ, ಅದೇ ಮಾಡೆಲ್ಲಿನ ಇನ್ನೆರಡು ಬ್ಯಾಟರಿ ಕೊಂಡ್ಕೊಳ್ಳಿ, ಇಳಿಸಿ, ಬದಲಾಯಿಸಿ, ಮತ್ತೆ ಏರಿಸಿ. ಸೋಲ್ಡರಿಂಗ್ ಐರನ್ ಹಿಡ್ಕೊಂಡು ನಮ್ಮನೆಗೆ ಬರ್ಬೇಡಿ.