ಗೋಪೀಚಂದನದ ಭಾರ

ದ್ವಾರಕೆಯ ಕಡಲಿಗೆ ಇಳಿಯುವ ಮುನ್ನ ತರಬೇತುದಾರ ಹೇಳಿದ ಮೊದಲ ಮಾತು: ಒಳಗೆ ಉಸಿರು ಬಿಗಿಹಿಡಿಯಬಾರದು. ಸಂಧ್ಯಾವಂದನೆಯಲ್ಲಿ ಕುಂಭಕ ಅಭ್ಯಾಸವಾದ ನನಗೆ ಒಳಗೊಳಗೇ ನಗು ಬಂತು. ಬಾಯಲ್ಲಿ ಗಾಳಿಯ ನಳಿಕೆ ಕಚ್ಚಿಕೊಂಡ ಮೇಲೆ ಅಷ್ಟಾಕ್ಷರಿ ಮಂತ್ರದ ಜಪವೂ ಇಲ್ಲ, ಬರೀ ಗುಳ್ಳೆ.

ಬೆಳಿಗ್ಗೆ ಗೋಮತಿಯಲ್ಲಿ ಮಿಂದು, 56 ಮೆಟ್ಟಿಲು ಹತ್ತಿ, ಸ್ವರ್ಗದ್ವಾರದಿಂದ ಒಳಹೊಕ್ಕು ದ್ವಾರಕಾಧೀಶನನ್ನು ಕಂಡಿದ್ದೆ. ನೂಕುನುಗ್ಗಲಿನಲ್ಲಿ ದರ್ಶನ ಕ್ಷಣಮಾತ್ರ.

ಕಡಲ ತಳದಲ್ಲಿ ಯಾರೂ ನೂಕಲಿಲ್ಲ. ಕಲಕಿದ ನೀರಿನಲ್ಲಿ, ಪಾಚಿ ಕವಿದ ಚಪ್ಪಡಿಗಳ ನಡುವೆ, ಮೂರು ತೂತುಗಳ ತ್ರಿಕೋನದ ಕಲ್ಲೊಂದು ಮೆಲ್ಲನೆ ಕಾಣಿಸಿತು. ಲಂಗರು. ಮೇಲಿನ ತೂತು ಹಗ್ಗಕ್ಕೆ, ಕೆಳಗಿನೆರಡು ಮರದ ಗೂಟಗಳಿಗೆ. 1980ರ ದಶಕದಲ್ಲಿ ಇಲ್ಲಿ ಮುಳುಗಿ ಇಂಥವನ್ನು ದಾಖಲಿಸಿದ ತಂಡದ ಮುಂದಾಳು ಕನ್ನಡಿಗರೇ ಆದ ಎಸ್.ಆರ್. ರಾವ್, ಹರಪ್ಪಾ ಕಾಲದ ಲೋಥಲ್ ಪಟ್ಟಣವನ್ನು ಅಗೆಸಿದವರು. ಅವರು ಇದನ್ನು ಕೃಷ್ಣನ ದ್ವಾರಕೆಯೆಂದೇ ನಂಬಿದರು. ಲಂಗರುಗಳು ಬಹಳ ಈಚಿನವು ಎಂದು ಅನಂತರದ ಸಂಶೋಧಕರು ವಾದಿಸಿದರು. ಆ ವಾದ ಇತ್ಯರ್ಥವಾಗುವವರೆಗೆ ನನ್ನ ಭಕ್ತಿ ಕಾದು ಕೂರುವುದಿಲ್ಲ. ಮಹಾಭಾರತದ ಮೌಸಲಪರ್ವದ ಅರ್ಜುನ ಕಂಡದ್ದು ಮುಳುಗುತ್ತಿದ್ದ ನಗರವನ್ನು. ನನಗೆ ಕಂಡದ್ದು ಹಡಗನ್ನು ಹಿಡಿದು ನಿಲ್ಲಿಸುತ್ತಿದ್ದ ಒಂದು ಭಾರ.

ಭಾರವೆಂದೊಡನೆ ಉಡುಪಿ ನೆನಪಾಯಿತು. ದ್ವಾರಕೆಯ ಕಡೆಯಿಂದ ಹೊರಟ ಹಡಗಿನಲ್ಲಿ, ನಾಮಕ್ಕೆ ಬಳಸುವ ಮಣ್ಣಾದ ಗೋಪೀಚಂದನದ ಗಡ್ಡೆಯನ್ನು ಸಮತೋಲಕ್ಕೆಂದು ಹೇರಿದ್ದರಂತೆ. ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದ ಆ ಹಡಗಿಗೆ ಮಧ್ವಾಚಾರ್ಯರು ಉತ್ತರೀಯ ಬೀಸಿ ದಡ ತೋರಿಸಿದರು. ಏನು ಬೇಕಾದರೂ ಕೇಳಿ ಎಂದಾಗ ಅವರು ಬೇಡಿದ್ದು ಆ ಮಣ್ಣುಗಡ್ಡೆಯನ್ನು. ಒಳಗಿದ್ದವನು ಕಡೆಗೋಲು ಹಿಡಿದ ಬಾಲಕೃಷ್ಣ. ಈ ಕಥೆಯಲ್ಲಿ ನನಗೆ ಬಹಳ ಹತ್ತಿರದವನು ನಾವಿಕ. ಆ ಗಡ್ಡೆಗೆ ಒರಗಿ ಎಷ್ಟು ಸಲ ಉಂಡನೋ, ಅದರ ಮೇಲೆ ಎಷ್ಟು ಸಲ ಒದ್ದೆ ಹಗ್ಗ ಸುತ್ತಿಟ್ಟನೋ! ಹೂವಿಲ್ಲ, ಆರತಿಯಿಲ್ಲ, ಹೆಸರು ಹಿಡಿದು ಕರೆದವರೂ ಇಲ್ಲ. ಆದರೂ ಹಡಗು ಮಗುಚದಂತೆ ಒಳಗಿನ ಕೃಷ್ಣ ದಾರಿಯುದ್ದಕ್ಕೂ ತೂಕವಾಗಿ ಕುಳಿತೇ ಇದ್ದ.

ಕಲ್ಲನ್ನು ಮುಟ್ಟಬಾರದೆಂದು ಸನ್ನೆ ಬಂತು. ಕೈಮುಗಿದೆ; ಮುಗಿದೊಡನೆ ತೋಲ ತಪ್ಪಿ ಪಕ್ಕಕ್ಕೆ ವಾಲಿದೆ. ಮೇಲಕ್ಕೆ ತೇಲಿಹೋಗದಂತೆ ನನ್ನ ಸೊಂಟಕ್ಕೆ ಸೀಸದ ತುಂಡುಗಳ ಪಟ್ಟಿ ಬಿಗಿದಿದ್ದರು. ಏರುವ ಮುನ್ನ ಅದರ ಮೇಲೊಮ್ಮೆ ಕೈಯಿಟ್ಟುಕೊಂಡೆ.