ಸುಯ್ ಅನ್ನದ ಓವನ್

ಮಳೆಗಾಲ ಮುಗಿದರೂ ಇದೊಂದು ಮರೆಯುತ್ತಿಲ್ಲ.

ಶಿರಸಿಯ ನಮ್ಮ ಲ್ಯಾಬಿನಲ್ಲಿ ಅಡಿಕೆ ಸಿಪ್ಪೆಯಿಂದ ಹಾರ್ಡ್ ಕಾರ್ಬನ್ ಮಾಡುತ್ತೇವೆ, ಸೋಡಿಯಂ ಅಯಾನ್ ಬ್ಯಾಟರಿ ಸೆಲ್ಲಿನ ಋಣ ತುದಿಯಾದ ಆನೋಡ್‌ಗೆ. ಇಲ್ಲಿ ಸಿಪ್ಪೆಗೆ ಬರವಿಲ್ಲ, ಕೇಳಿದರೆ ಚೀಲಗಟ್ಟಲೆ ಸುಮ್ನೆ ಕೊಡುತ್ತಾರೆ. ಆರ್ಗಾನ್‌ನಲ್ಲಿ 1300 ಡಿಗ್ರಿಗೆ ಸುಟ್ಟ ಮಾರ್ಚ್ ಬ್ಯಾಚ್ ಚೆನ್ನಾಗಿ ಓಡಿತ್ತು. ಐಸಿಇ, ಅಂದರೆ ಮೊದಲ ಸುತ್ತಿನಲ್ಲಿ ಒಳಗೆ ಹಾಕಿದ ಚಾರ್ಜಿನಲ್ಲಿ ವಾಪಸ್ ಬರುವ ಪಾಲು, ಶೇಕಡಾ 81. ಜುಲೈನ ಹೊಸ ಬ್ಯಾಚ್ 58ಕ್ಕೆ ಬಿತ್ತು.

ನಾನು ಸಿಪ್ಪೆಯ ಮೇಲೆ ಗೂಬೆ ಕೂರಿಸಿದೆ. ಸಿಪ್ಪೆಯಲ್ಲಿ ಪೊಟ್ಯಾಶಿಯಂ ಜಾಸ್ತಿ, ಆಸಿಡ್ ವಾಶ್ ಸರಿಯಾಗಿಲ್ಲ ಅಂತ ಜೂನಿಯರ್‌ಗೆ ಗದರಿಸಿದೆ. ಪಾಪ, ಮೂರು ವಾರ ಎಚ್‌ಸಿಎಲ್‌ನಲ್ಲಿ ತೊಳೆದಳು. ಮೂರನೇ ಸಲ ತೊಳೆದದ್ದು 55. ಸೆಲ್ಲಿನೊಳಗೆ ನೀರಿನ ಪಸೆ ಸೇರಿರಬಹುದು ಅಂತ ನನಗೆ ಅನುಮಾನವೇ ಬರಲಿಲ್ಲ. ಗ್ಲವ್‌ಬಾಕ್ಸ್ (ಸೆಲ್ ಕಟ್ಟುವ ಮುಚ್ಚಿದ ಪೆಟ್ಟಿಗೆ) ತೇವ 0.5 ಪಿಪಿಎಂ ಅಂತ ತೋರಿಸುತ್ತಿತ್ತಲ್ಲ!

ರಿವ್ಯೂಗೆ ಎರಡು ದಿನ ಇರುವಾಗ ಮಾರ್ಚ್ ಡಬ್ಬಿಯ ತಳ ಕೆರೆದು ಹೊಸ ಕಾಯಿನ್ ಸೆಲ್ ಕಟ್ಟಿದೆವು. ಇದು ಕೈಕೊಡುವ ಮಾತೇ ಇಲ್ಲ ಅಂದುಕೊಂಡಿದ್ದೆ. ಸಿ ಬೈ 10ರಲ್ಲಿ, ಅಂದರೆ ತುಂಬಲು ಹತ್ತು ಗಂಟೆ ಹಿಡಿಯುವ ನಿಧಾನ ವೇಗದಲ್ಲಿ ಹಾಕಿ, ಮರುದಿನ ಸೆಲ್ ಪರೀಕ್ಷಿಸುವ ಸೈಕ್ಲರ್ ಮುಂದೆ ಕೂತರೆ, ಚಾರ್ಜ್ ಗೆರೆ ಏಳುತ್ತಾ ಏಳುತ್ತಾ ಅರ್ಧ ದಾರಿ ದಾಟಿದ್ದೇ ಸುಸ್ತಾಯಿತು. 57. ಜೂನಿಯರ್ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವತ್ತು ಸಂಜೆ ಪಾಳಿಗೆ ಬಂದ ವಾಚ್‌ಮನ್ ಕೇಳಿದ: "ಸರ್, ರಾತ್ರಿ ಕರೆಂಟ್ ಹೋದರೆ ನಿಮ್ಮ ಗರಗರ ಮಷೀನ್ ಮತ್ತೆ ಶುರು ಆಗೂದಿಲ್ಲ, ದಿನಾ ಹಂಗೇ ಅಲ್ವಾ?"

ದಿನಾ ಹಂಗೇ.

ಕರೆಂಟ್ ಬಂದರೆ ಎಲೆಕ್ಟ್ರೋಡ್ ಒಣಗಿಸುವ ವ್ಯಾಕ್ಯೂಮ್ ಓವನ್ನಿನ ಹೀಟರ್ ತಾನೇ ಎದ್ದು ಕೂರುತ್ತದೆ, ಗಾಳಿ ಎಳೆಯುವ ಆ ಗರಗರ ಪಂಪ್ ಏಳುವುದಿಲ್ಲ. ಬೆಳಿಗ್ಗೆ ಡಿಸ್‌ಪ್ಲೇಯಲ್ಲಿ 120 ಕಂಡರೆ ನನಗೆ ಅಷ್ಟೇ ಸಾಕಿತ್ತು. ಪಂಪ್ ಅವಳು ಆರಿಸಿದ್ದಾಳೆ ಅಂತ ನಾನು, ನಾನು ಆರಿಸಿದ್ದೇನೆ ಅಂತ ಅವಳು. ಎಲೆಕ್ಟ್ರೋಡ್‌ಗಳು ಜುಲೈ ಗಾಳಿಯಲ್ಲೇ ತಣ್ಣಗಾಗುತ್ತಿದ್ದವು. ಹಾರ್ಡ್ ಕಾರ್ಬನ್ ಮೈತುಂಬ ತೂತು, ಜೊತೆಗೆ ಪುಡಿ ಅಂಟಿಸುವ ಸಿಎಂಸಿ ಬೈಂಡರ್. ಎರಡೂ ಪಸೆ ಹೀರುವುದರಲ್ಲಿ ಎತ್ತಿದ ಕೈ. ಆ ಪಸೆ ಮೊದಲ ಸುತ್ತಿನಲ್ಲೇ ಸೋಡಿಯಂ ತಿಂದುಹಾಕುತ್ತದೆ.

ಓವನ್ ಬಾಗಿಲು ತೆಗೆಯುವ ಮೊದಲು ರಿಲೀಸ್ ನಾಬ್ ತಿರುಗಿಸಿದರೆ ಸುಯ್ ಅಂತ ಗಾಳಿ ನುಗ್ಗಬೇಕು. ಆ ಮೂರು ವಾರದಲ್ಲಿ ಎಷ್ಟೋ ಬೆಳಿಗ್ಗೆ ಸುಯ್ ಅಂದೇ ಇಲ್ಲ. ತಗಡಿನ ಮಾಡಿನ ಮೇಲೆ ಮಳೆ ಹುಯ್ಯುವ ಸದ್ದಿನಲ್ಲಿ ಅದು ಕೇಳದಿದ್ದರೆ ಆಶ್ಚರ್ಯವಿಲ್ಲ. ಆದರೆ ಗೇಜ್ ನೋಡೋಕೆ ಕಿವಿ ಬೇಕಿರಲಿಲ್ಲ. ಲಾಗ್‌ಬುಕ್ಕಿನಲ್ಲಿ ದಿನಾ 'ವ್ಯಾಕ್ಯೂಮ್ ಸರಿ' ಅಂತ ಬರೆದದ್ದು ನನ್ನದೇ ಅಕ್ಷರ.

ರಿವ್ಯೂನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಓವನ್‌ಗೆ ಯುಪಿಎಸ್ ಕೊಡಿ ಅಂತ ಹಾಕಿದ ಫೈಲ್ 'ಮೂರು ಕೊಟೇಶನ್ ಲಗತ್ತಿಸಿ' ಅನ್ನುವ ಷರಾ ಹೊತ್ತು ವಾಪಸ್ ಬಂತು. ಬ್ಯಾಟರಿ ಲ್ಯಾಬಿಗೇ ಬ್ಯಾಟರಿ ಇಲ್ಲ ಅನ್ನುವ ಜೋಕಿಗೆ ನಮ್ಮಲ್ಲಿ ಈಗ ಯಾರೂ ನಗುವುದಿಲ್ಲ.

ಜೂನಿಯರ್ ಮನೆಯಿಂದ ಒಂದು ಹಳೇ ಡಿಜಿಟಲ್ ಗಡಿಯಾರ ತಂದು ಪಂಪಿನ ಪ್ಲಗ್ ಪಕ್ಕವೇ ಸಿಕ್ಕಿಸಿದ್ದಾಳೆ. ಅದರೊಳಗೆ ಸೆಲ್ ಇಲ್ಲ. ಕರೆಂಟ್ ಹೋಗಿ ಬಂದರೆ 12:00 ಅಂತ ಮಿನುಗುತ್ತಾ ಇರುತ್ತದೆ. ತೊಳೆದ ಕಾರ್ಬನ್ನನ್ನು ಮತ್ತೆ ಒಣಗಿಸಿ ಕಟ್ಟಿದೆವು. 83 ಬಂತು. ಪ್ರಿಂಟೌಟ್ ತೆಗೆದು ನನ್ನ ಟೇಬಲ್ ಮೇಲೆ ಇಟ್ಟು ಹೋದಳು, ಆಗಲೂ ಒಂದು ಮಾತೂ ಆಡಲಿಲ್ಲ.