ಗುಲಗಂಜಿ ಹತ್ತಿಸಿಕೊಂಡು ಹೋದ ಬಸ್ಸು

ಅಮ್ಮನ ಹಳೇ ಟ್ರಂಕಿನಲ್ಲಿ ನನ್ನ ತಗಡಿನ ಬಸ್ಸು ಸಿಕ್ಕಿತು. ಕೆಂಪು ಬಣ್ಣ, ನಡುವೆ ಹಳದಿ ಪಟ್ಟಿ, ಉದ್ದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. 1986ರಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅಪ್ಪ ಕೊಡಿಸಿದ್ದು. ಅವತ್ತು ಅಪ್ಪನ ಒಂದು ಕೈಯಲ್ಲಿ ಎರಡು ಸೇರು ಕಡಲೆಕಾಯಿ, ಇನ್ನೊಂದರಲ್ಲಿ ನಾನು. ಬಸ್ಸು ನನ್ನ ಎದೆಗೆ ಅವಚಿಕೊಂಡೇ ಅರಸೀಕೆರೆ ತಲುಪಿತು.

ಇದು ಕೀಲಿ ಕೊಡುವ ಬಸ್ಸಲ್ಲ. ನೆಲಕ್ಕೆ ಎರಡು ಮೂರು ಸಲ ಉಜ್ಜಿ ಬಿಟ್ಟರೆ ಗರ್ರ್ ಅಂತ ತಾನೇ ಓಡುವಂಥದ್ದು. ನಮ್ಮ ಹಜಾರದ ಕಾವಿ ನೆಲ ಕನ್ನಡಿಯಂತೆ ನುಣುಪು. ಬಾಗಿಲ ಹತ್ತಿರ ಅರಸೀಕೆರೆ, ನಡುಗಂಬದ ಬುಡದಲ್ಲಿ ತಿಪಟೂರು, ಅಡುಗೆಮನೆ ಹೊಸ್ತಿಲು ಗುಬ್ಬಿ. ತುಮಕೂರು ಹಿತ್ತಲಲ್ಲಿತ್ತು, ಆದರೆ ಹೊಸ್ತಿಲು ದಾಟಿಸಲು ಅಮ್ಮ ಬಿಡುತ್ತಿರಲಿಲ್ಲ. ಪ್ರಯಾಣಿಕರು ಅಕ್ಕನ ಅಳಗುಳಿಮಣೆಯ ಗುಲಗಂಜಿಗಳು. ಕಿಟಕಿಯಿಂದ ಒಳಗೆ ಹಾಕಿ, ಬಸ್ಸು ಬೋರಲು ಮಾಡಿ ಅಲುಗಾಡಿಸಿದರೆ ಇಳಿಯುತ್ತಿದ್ದರು.

ಒಂದು ದಿನ ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಎಷ್ಟು ಉಜ್ಜಿದರೂ ಚಕ್ರ ಮಿಸುಕಲಿಲ್ಲ. ಅದೇ ವಾರ ಅಕ್ಕ ಮಣೆ ಹರಡಿ ಕೂತರೆ 14 ಗುಳಿಗೆ ಐದೈದರಂತೆ 70 ಇರಬೇಕಾದ ಕಡೆ 65 ಇತ್ತು. ನಾನೇ ಕದ್ದೆ ಅಂತ ದೊಡ್ಡ ಜಗಳ. ನಾನು ದೇವರಾಣೆ ಇಟ್ಟೆ, ಅವಳು ನಂಬಲಿಲ್ಲ.

ಹೋದ ಭಾನುವಾರ ಬಸ್ಸು ಬಿಚ್ಚಿದೆ. ಇಂಥ ಆಟಿಕೆಗಳಲ್ಲಿ ಸ್ಕ್ರೂ ಇರುವುದಿಲ್ಲ. ಮೇಲಿನ ತಗಡಿನ ಸಣ್ಣ ಸಣ್ಣ ಕಿವಿಗಳನ್ನು ತಳದ ಸೀಳುಗಳಲ್ಲಿ ತೂರಿಸಿ ಮಡಚಿರುತ್ತಾರೆ. ಆ ಕಿವಿಯನ್ನು ಒಂದೇ ಸಲಕ್ಕೆ ಎತ್ತಿದರೆ ಮುರಿದೇ ಹೋಗುತ್ತದೆ. ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ಎತ್ತಿ, ಪಕ್ಕದ್ದಕ್ಕೆ ಹೋಗಿ, ಮತ್ತೆ ಮೊದಲಿನದಕ್ಕೆ ಬರಬೇಕು. ಎಂಟು ಕಿವಿಗೆ ಮುಕ್ಕಾಲು ಗಂಟೆ ಹಿಡಿಯಿತು. ತುಕ್ಕಿಗೆ ಮರಳು ಕಾಗದ ಮಾತ್ರ ಮುಟ್ಟಿಸಬೇಡಿ. ಕಿಟಕಿಯ ಅಂಚು, ಹಳದಿ ಪಟ್ಟಿ ಎಲ್ಲ ತಗಡು ಹಾಳೆಯಾಗಿದ್ದಾಗಲೇ ಅಚ್ಚು ಹಾಕಿ, ಆಮೇಲೆ ಬಾಗಿಸಿದ್ದು. ಉಜ್ಜಿದರೆ ತುಕ್ಕಿನ ಜೊತೆ ಚಿತ್ರವೂ ಹೋಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯಲ್ಲಿ ಹತ್ತಿ ಅದ್ದಿ ನಿಧಾನ ಒರೆಸಿದರೆ ಸಾಕು. ಹೊಸ ಬಣ್ಣ ಬಳಿಯುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

(ಮರದ ಆಟಿಕೆಯ ವಿಷಯ ಬೇರೆ. ಚನ್ನಪಟ್ಟಣದ ರೈಲಿಗೆ ಒಂದು ಚಕ್ರ ಇರಲಿಲ್ಲ. ಅಲ್ಲಿಗೇ ಹೋಗಿ ಮಾಡಿಸಿಕೊಂಡು ಬಂದೆ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಕಣ್ಣೆದುರೇ ಹೊಳಪು ಬರುವುದನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ!)

ಬಸ್ಸಿನ ತಳ ಬಿಟ್ಟುಕೊಂಡಾಗ ಟೇಬಲ್ ಮೇಲೆ ಮೂರು ಗುಲಗಂಜಿ ಉರುಳಿದವು. ಅದೇ ಕೆಂಪು, ಅದೇ ಕಪ್ಪು ಚುಕ್ಕೆ, ಸ್ವಲ್ಪವೂ ಮಾಸಿಲ್ಲ. ಒಳಗೆ ಹಿಂದಿನ ಅಚ್ಚಿಗೆ ಒಂದು ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡ ಇನ್ನೂ ಚಿಕ್ಕವು, ಕೊನೆಗೆ ಒಂದು ಭಾರದ ಕಬ್ಬಿಣದ ಬಿಲ್ಲೆ. ನಾವು ಉಜ್ಜಿದಾಗ ಬಿಲ್ಲೆ ಭರ್ರನೆ ತಿರುಗುತ್ತದೆ. ಕೈ ಬಿಟ್ಟ ಮೇಲೂ ಅದು ತಿರುಗುತ್ತಲೇ ಇದ್ದು ಚಕ್ರಗಳನ್ನು ಓಡಿಸುತ್ತದೆ. ಆ ಬಿಲ್ಲೆಗೂ ಅದರ ಚೌಕಟ್ಟಿಗೂ ನಡುವೆ ನಾಲ್ಕನೇ ಗುಲಗಂಜಿ ಸಿಕ್ಕಿಕೊಂಡಿತ್ತು! ಅಕ್ಕಸಾಲಿಗರು ಚಿನ್ನ ತೂಗಲು ಇಡುತ್ತಿದ್ದ ಕಾಳು. ಅಷ್ಟು ಹಗುರ. ಅದೊಂದೇ ನನ್ನ ಬಸ್ಸನ್ನು ಇಷ್ಟು ವರ್ಷ ನಿಲ್ಲಿಸಿಬಿಟ್ಟಿತ್ತು.

ಚಿಮಟದಿಂದ ಅದನ್ನು ತೆಗೆದೆ. ಅಚ್ಚಿಗೆ ಸುತ್ತಿದ್ದ ಕೂದಲು, ನೂಲು ಬಿಡಿಸಿದೆ. ಎರಡು ಹನಿ ಎಣ್ಣೆ ಬಿಟ್ಟು, ಕಿವಿಗಳನ್ನು ಮಡಚಿದೆ. ನೆಲಕ್ಕೆ ಉಜ್ಜಿದೆ. ಗರ್ರ್! ನನ್ನ ಎದೆ ಝಲ್ ಎಂದಿತು. ಸೋಫಾ ಅಡಿಯವರೆಗೂ ಓಡಿತು.

ತಕ್ಷಣ ಅಕ್ಕನಿಗೆ ಫೋನ್ ಮಾಡಿ ಆ ಶಬ್ದವನ್ನೇ ಕೇಳಿಸಿದೆ. ಆಮೇಲೆ ಗುಲಗಂಜಿ ವಿಷಯ ಹೇಳಿದೆ. ತುಂಬಾ ಹೊತ್ತು ನಕ್ಕಳು.

"ನಾನು ಕದ್ದಿರಲಿಲ್ಲ ಅಕ್ಕಾ, ಈಗಲಾದ್ರೂ ನಂಬ್ತೀಯಾ?" ಅಂದೆ.

"ಎಷ್ಟು ಸಿಕ್ತು ಅಂದೆ?"

"ನಾಲ್ಕು."

"ಹೋಗಿದ್ದು ಐದು ಕಣೋ" ಅಂದಳು.